ಎರಡನೇ ಹೇಳಿಕೆ ಕೊಟ್ಟ ಅಪರಾಧಕ್ಕೆ

ಕಾರ್ಖಾನೆಗಳ ಸುರಕ್ಷತೆಯನ್ನು ಕಾಗದದ ಮೇಲೆ ಕಾಯುತ್ತಿರುವ ಮಾನ್ಯ ಅಧಿಕಾರಿಗಳೇ,

ನಾನು ಸುಳ್ಳು ಹೇಳಿದ್ದೇನೆ. ಹೇಳಿದ್ದು ತಮಗೇ, ಬರವಣಿಗೆಯಲ್ಲಿ, ಸಹಿ ಹಾಕಿ. ಆಗ ತಾವು "ಆಯ್ತಮ್ಮ, ನೀವಿನ್ನು ಹೊರಡಿ" ಅಂದು ಅದನ್ನು ಫೈಲಿಗೆ ಸೇರಿಸಿದಿರಿ. ಹನ್ನೆರಡು ದಿನ ಬಿಟ್ಟು ತಮ್ಮ ಕಚೇರಿಗೆ ಬಂದು ನಿಜ ಬರೆದುಕೊಟ್ಟೆ. ಅದಕ್ಕೆ ನೋಟಿಸು ಬಂತು: "ತಾವು ನೀಡಿರುವ ಎರಡು ಹೇಳಿಕೆಗಳು ಪರಸ್ಪರ ವಿರುದ್ಧವಾಗಿದ್ದು, ಸರ್ಕಾರಿ ನೌಕರರಿಗೆ ಸುಳ್ಳು ಮಾಹಿತಿ ನೀಡಿದ್ದಕ್ಕಾಗಿ ತಮ್ಮ ಮೇಲೆ ಏಕೆ ಕ್ರಮ ಜರುಗಿಸಬಾರದು ಎಂಬುದಕ್ಕೆ ಏಳು ದಿನಗಳೊಳಗೆ ಸಮಜಾಯಿಷಿ ನೀಡತಕ್ಕದ್ದು." ಸಮಜಾಯಿಷಿ ಇದೇ. ತಮಗೊಬ್ಬರಿಗೇ ಕೊಟ್ಟರೆ ಇದೂ ಫೈಲಿನಲ್ಲಿ ಮಲಗೀತು ಅಂತ ಊರಿಗೆಲ್ಲ ಕೇಳುವ ಹಾಗೆ ಕೊಡುತ್ತಿದ್ದೇನೆ.

ಪೀಣ್ಯ ಎರಡನೇ ಹಂತದ ಒಂದು ಪ್ರೆಸ್ ಶಾಪಿನಲ್ಲಿ ಒಂಬತ್ತು ವರ್ಷದಿಂದ ಇದ್ದೇನೆ, ನಾಲ್ಕು ವರ್ಷದಿಂದ ಲೈನ್ ಲೀಡರ್. ಅಂದರೆ ಆರು ಮಿಷನ್ನು, ಆರು ಜನ ಆಪರೇಟರು, ಮೇಲಿನವರ ಬೈಗುಳ, ಎಲ್ಲ ನನ್ನ ತಲೆ ಮೇಲೆ. ಪ್ರೆಸ್ ಅಂದರೆ ಟನ್ನುಗಟ್ಟಲೆ ಭಾರದಲ್ಲಿ ಬಂದು ತಗಡಿಗೆ ಬಡಿಯುವ ಮಿಷನ್ನು. ಅದಕ್ಕೆ ಎರಡು ಬಟನ್. ಎರಡು ಕೈಯಲ್ಲಿ ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಅದು ಕೆಳಗಿಳಿಯಬೇಕು. ಎರಡೂ ಕೈ ಬಟನ್ ಮೇಲಿದ್ದರೆ ಬೆರಳು ಮಿಷನ್ನಿನ ಬಾಯಲ್ಲಿ ಇರುವುದಿಲ್ಲವಲ್ಲ, ಅದಕ್ಕೆ. ಅದೂ ಸಾಲದೆಂದು, ಕೈ ಅಡ್ಡ ಬಂದರೆ ಮಿಷನ್ ನಿಲ್ಲಿಸುವ ಸೆನ್ಸರ್. ಇದೆಲ್ಲ ತಮಗೆ ಗೊತ್ತು. ಆದರೆ ಎರಡು ಕೈಯಲ್ಲಿ ಒತ್ತುತ್ತಾ ಕೂತರೆ ದಿನದ ಟಾರ್ಗೆಟ್ ಮುಗಿಯಲ್ಲ ಅನ್ನುವುದು ತಮಗೆ ಗೊತ್ತಿದೆಯೋ ಇಲ್ಲವೋ. ಹಾಗಾಗಿ ಒಂದು ಬಟನ್ನಿಗೆ ಐಸ್‌ಕ್ರೀಂ ಕಡ್ಡಿ ಸಿಕ್ಕಿಸಿ, ಮೇಲೆ ಕಪ್ಪು ಟೇಪು ಸುತ್ತಿ, ಅದು ಸದಾ ಒತ್ತಿಕೊಂಡೇ ಇರುವ ಹಾಗೆ ಮಾಡುತ್ತೇವೆ. ತಪಾಸಣೆ ಇದೆ ಅಂತ ಫೋನ್ ಬಂದ ದಿನ ಕಡ್ಡಿ ಜೇಬು ಸೇರುತ್ತೆ, ತಾವು ಟೀ ಕುಡಿದು ಹೊರಟ ಮೇಲೆ ವಾಪಸ್ ಬರುತ್ತೆ. ಆ ಫೋನ್ ಯಾರು ಮಾಡ್ತಾರೆ ಅಂತ ನಾನು ಕೇಳುವುದಿಲ್ಲ. ನನ್ನ ಮೇಲೆ ಈಗಿರುವ ನೋಟಿಸೇ ಸಾಕು.

ಪ್ರತಿ ಮಿಷನ್ನಿಗೂ ಒಂದು ಸುರಕ್ಷತಾ ಪಟ್ಟಿ ನೇತು ಹಾಕಿರುತ್ತಾರೆ. ದಿನಾ ಶಿಫ್ಟ್ ಶುರುವಾಗುವ ಮುಂಚೆ ಸೆನ್ಸರ್, ಬಟನ್ ನೋಡಿ ಟಿಕ್ ಹಾಕಬೇಕು. ನಮ್ಮಲ್ಲಿ ಪದ್ಧತಿ ಬೇರೆ. ಮೊದಲನೇ ತಾರೀಖೇ ಇಡೀ ತಿಂಗಳಿಗೆ ಟಿಕ್ ಹಾಕಿಬಿಡುವುದು. ನಾನೇ ಹಾಕೋದು, ಟೀ ಬರೋದರೊಳಗೆ ಮುಗಿಯುತ್ತೆ. ಆಗಸ್ಟ್ ಒಂದರಂದು ಕೂತು, ಮುಂದೆ ಬರುವ ಭಾನುವಾರಗಳಲ್ಲಿ, ಧ್ವಜಾರೋಹಣದ ದಿನ, ಗಣೇಶನ ಹಬ್ಬದ ದಿನ, ಬೀಗ ಹಾಕಿದ ಕಾರ್ಖಾನೆಯಲ್ಲಿ ಸೆನ್ಸರ್ ಸುಸ್ಥಿತಿಯಲ್ಲಿರುತ್ತೆ ಅಂತ ಭವಿಷ್ಯ ನುಡಿದಿದ್ದೇನೆ. ಮೂರನೇ ಪ್ರೆಸ್ಸಿನ ಸೆನ್ಸರ್ ಯುಗಾದಿಯಿಂದಲೇ ಕೆಟ್ಟು ಕೂತಿತ್ತು. ಅದರ ಆಪರೇಟರ್ ಮರೆಪ್ಪ, ರಾಯಚೂರು ಕಡೆಯವನು, ಇಪ್ಪತ್ತಾರು ವರ್ಷ. ಹದಿನಾಲ್ಕನೇ ತಾರೀಖು ಗುರುವಾರ ಅವನ ಬಲಗೈ ಒಳಗೆ ಸಿಕ್ಕಿತು. ತೋರುಬೆರಳು, ನಡುಬೆರಳು ಹೋದವು. ಆ ಗುರುವಾರದ ಚೌಕದಲ್ಲೂ ನನ್ನ ಟಿಕ್ ಇದೆ.

ಹದಿನೆಂಟಕ್ಕೆ ತಾವು ಬಂದಿರಿ. ಅಷ್ಟರಲ್ಲಿ ಕಡ್ಡಿ ಹೋಗಿ ಹೊಸ ಸೆನ್ಸರ್ ಬಂದಿತ್ತು. ಎಚ್.ಆರ್. ಮ್ಯಾನೇಜರ್ ನಿವೇದಿತಾ ಮೇಡಂ ನನ್ನ ಹೇಳಿಕೆಯನ್ನು ನಾನು ಬಾಯಿ ಬಿಡುವ ಮುಂಚೆಯೇ ಟೈಪ್ ಮಾಡಿಸಿಟ್ಟಿದ್ದರು. ಸೆನ್ಸರ್ ಕೆಲಸ ಮಾಡುತ್ತಿತ್ತಂತೆ, ಆಪರೇಟರೇ ಬಟನ್ನಿಗೆ ಕಡ್ಡಿ ಸಿಕ್ಕಿಸಿಕೊಂಡು, ಸೆನ್ಸರ್ ಆಫ್ ಮಾಡಿಕೊಂಡು, ಸ್ವಂತ ಅಜಾಗರೂಕತೆಯಿಂದ ಕೈ ಹಾಕಿದನಂತೆ. "ಬರೀ ಫಾರ್ಮಾಲಿಟಿ ಜ್ಯೋತಿ, ಸೈನ್ ಮಾಡಿ. ಮರೆಪ್ಪನ್ನ ಕಂಪನಿ ನೋಡ್ಕೊಳ್ಳುತ್ತೆ" ಅಂದರು. ಮಾಡಿದೆ. ಕೆಲಸ ಹೋಗುತ್ತೆ ಅನ್ನುವ ಭಯ, ಇನ್ನೇನು? ತಾವು ಅದನ್ನು ಓದಿ, ಸುರಕ್ಷತಾ ಪಟ್ಟಿಯನ್ನೂ ತರಿಸಿ, ಅದರ ಕೆಳಗೆ "ಪರಿಶೀಲಿಸಲಾಗಿದೆ, ಸರಿ ಇದೆ" ಅಂತ ಬರೆದು, ಸಹಿ ಮಾಡಿ, ಸೀಲು ಒತ್ತಿದಿರಿ. ಸ್ವಾಮಿ, ಅವತ್ತು ತಾರೀಖು ಹದಿನೆಂಟು. ಪಟ್ಟಿಯಲ್ಲಿ ಮೂವತ್ತೊಂದರ ತನಕ ಟಿಕ್ ಇತ್ತು. ಇನ್ನೂ ಬಾರದ ಹದಿಮೂರು ದಿನಗಳನ್ನು ತಾವು ಯಾವ ಕನ್ನಡಕ ಹಾಕಿಕೊಂಡು ಪರಿಶೀಲಿಸಿದಿರಿ? ಅಂಗಡಿಯ ವಿಳಾಸ ಕೊಟ್ಟರೆ ನಾನೂ ಒಂದು ಮಾಡಿಸಿಕೊಳ್ಳುತ್ತಿದ್ದೆ. ಆ ಹಾಳೆಯ ಫೋಟೋ ನನ್ನ ಮೊಬೈಲಿನಲ್ಲಿದೆ, ತಮ್ಮ ಸೀಲು ಬಹಳ ಚೆನ್ನಾಗಿ ಬಂದಿದೆ.

ಕಂಪನಿ ಮರೆಪ್ಪನನ್ನು ನೋಡಿಕೊಂಡಿತು. ಆಸ್ಪತ್ರೆಯಿಂದ ಬಂದ ವಾರದಲ್ಲೇ "ಸುರಕ್ಷತಾ ನಿಯಮ ಉಲ್ಲಂಘನೆ"ಗಾಗಿ ಕೆಲಸದಿಂದ ತೆಗೆದಿದ್ದೇವೆ ಅಂತ ಕಾಗದ ಕೊಟ್ಟಿತು. ಬಾಗಲಗುಂಟೆಯಲ್ಲಿ ಅವನ ರೂಮು ನಮ್ಮ ಮನೆಗೆ ಎರಡು ರಸ್ತೆ ಆಚೆ. ಹಣ್ಣು ತಗೊಂಡು ನೋಡಲು ಹೋದೆ. ಅವನು ಆ ಕಾಗದ ನನ್ನ ಕೈಗೆ ಕೊಟ್ಟ.

"ಅಕ್ಕಾರೆ, ಇದ್ರಾಗ ನಿಮ್ಮ ಹೆಸರು ಐತಿ ನೋಡ್ರಿ. ಕಡ್ಡಿ ಇಟ್ಕೊಂಡು ಹೊಡಿ, ಇಲ್ಲಾಂದ್ರ ಟಾರ್ಗೆಟ್ ಆಗಂಗಿಲ್ಲ ಅಂತ ನೀವಾ ಹೇಳಿದ್ರಿ. ನಂದಾ ತಪ್ಪು ಅಂತ ನೀವಾ ಬರಕೊಟ್ಟೀರಿ. ನಾ ಯಾರಿಗೆ ಕೇಳ್ಲಿ?"

ಕೂಗಾಡಿದ್ದರೆ ನಾನೂ ಏನಾದರೂ ಅನ್ನಬಹುದಿತ್ತು. ಅವನು ಸುಮ್ಮನೆ ಕೇಳಿದ. ನನಗೆ ನನ್ನ ಮೇಲೇ ಅಸಹ್ಯವಾಯಿತು. ಅವನದೇ ತಪ್ಪು ಅಂತಾದರೆ ಪರಿಹಾರಕ್ಕೂ ಕಲ್ಲು ಬೀಳುತ್ತೆ, ಪೀಣ್ಯದಲ್ಲಿ ಬೇರೆ ಯಾವ ಗೇಟೂ ಅವನಿಗೆ ತೆರೆಯಲ್ಲ. ಮಾರನೆಯ ದಿನ ರಜೆ ಹಾಕಿ ತಮ್ಮ ಕಚೇರಿಗೆ ಬಂದು, ಸೆನ್ಸರ್ ಕೆಟ್ಟಿದ್ದು, ಕಡ್ಡಿ ಇಡಿಸಿದ್ದು ನಾನು, ಟಿಕ್ ಹಾಕಿದ್ದು ನಾನು, ಎಲ್ಲ ಬರೆದುಕೊಟ್ಟೆ.

ತಮ್ಮ ನೋಟಿಸನ್ನು ನಮ್ಮ ಮನೆ ಓನರ್ ಲಕ್ಷ್ಮಯ್ಯನವರು ನನ್ನಿಂದಲೇ ಓದಿಸಿ ಕೇಳಿದರು. "ಇದ್ದದ್ದು ಇದ್ದಂಗೆ ಏಳಿದ್ರೆ ಎದ್ದು ಬಂದು ಎದೆಗೆ ಒದ್ದರಂತೆ. ಯಾಕಮ್ಮ ಬೇಕಿತ್ತು ನಿಂಗೆ? ಅಂಗೇ ಸುಮ್ಕಿದ್ದಿದ್ರೆ ಆಗ್ತಿರಲಿಲ್ವ?" ಅಂದರು. ಆಗ್ತಿತ್ತು. ಅದೇ ನನ್ನ ದೂರು. ಸುಳ್ಳು ಹೇಳಿ ಸುಮ್ಮನಿದ್ದಷ್ಟು ದಿನ ನಾನು ತಮ್ಮ ಕಡತದ ಪ್ರಕಾರ ಮರ್ಯಾದಸ್ಥ ಸಾಕ್ಷಿ.

ಯಾವ ಸುಳ್ಳಿಗೆ ಕಾನೂನು ಹಿಡಿಯುತ್ತೆ, ಯಾವುದಕ್ಕೆ ಬಿಡುತ್ತೆ ಅಂತ ತಿಳಿಯಲು ವಕೀಲೆ ಉಮಾಶ್ರೀ ಮೇಡಂ ಹತ್ತಿರ ಹೋದೆ. ಮನೆಯಲ್ಲಿ ಚಪ್ಪಲಿ ಹುಡುಕುತ್ತಾ ಫೋನಿನಲ್ಲಿ "ಎಂಟನೇ ಮೈಲಿ ದಾಟಿದೆ ಸಾರ್" ಅನ್ನದ ನೌಕರ ಪೀಣ್ಯದಲ್ಲಿ ಇಲ್ಲ, ಅದಕ್ಕೆ ಜೈಲಿಲ್ಲವಂತೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತ ಹಿರಿಯರೇ ಪರವಾನಗಿ ಕೊಟ್ಟಿದ್ದಾರೆ. ತಪ್ಪು ತಿಳಿದುಕೊಂಡು ತಪ್ಪು ಹೇಳಿದರೂ ಅಪರಾಧವಲ್ಲವಂತೆ. ಸುಳ್ಳು ಅಂತ ಗೊತ್ತಿದ್ದೂ ಅಧಿಕಾರಿಗೆ ಹೇಳಿದರೆ ಅಪರಾಧ, ಪ್ರಮಾಣ ಮಾಡಿ ನ್ಯಾಯಾಲಯದಲ್ಲಿ ಹೇಳಿದರೆ ಏಳು ವರ್ಷದ ತನಕ ಜೈಲು. "ಸುಳ್ಳು ಅಂತ ಗೊತ್ತಿದ್ದೂ ಸರಿ ಇದೆ ಅಂತ ಸರ್ಟಿಫೈ ಮಾಡಿದವರನ್ನೂ ಕಾನೂನು ಬಿಡಲ್ಲ ಕಣ್ರೀ" ಅಂದರು ಮೇಡಂ. ಅದನ್ನು ಹೇಳುವಾಗ ಅವರು ನನ್ನ ಮುಖ ನೋಡುತ್ತಿರಲಿಲ್ಲ, ನನ್ನ ಮೊಬೈಲಿನ ಫೋಟೋದಲ್ಲಿ, ಪಟ್ಟಿಯ ಮೇಲಿನ ತಮ್ಮ ಸೀಲನ್ನು ದೊಡ್ಡದು ಮಾಡಿ ನೋಡುತ್ತಿದ್ದರು.

ನನ್ನ ಎರಡು ಹೇಳಿಕೆಗಳಲ್ಲಿ ಒಂದು ಸುಳ್ಳು, ಒಪ್ಪಿದೆ. ಯಾವುದು ಅಂತ ತಮಗೆ ತಿಳಿಯುವುದು ಬೇಡವೇ? ನೋಟಿಸಿನಲ್ಲಿ ಆ ಪ್ರಶ್ನೆಯೇ ಇಲ್ಲ. ಟೈಪ್ ಮಾಡಿಸಿದವರಿಗೆ ನೋಟಿಸಿಲ್ಲ, ಐದು ತಿಂಗಳು ಸೆನ್ಸರ್ ರಿಪೇರಿ ಮಾಡಿಸದವರಿಗೆ ನೋಟಿಸಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಇಲ್ಲಿ ಎಮ್ಮೆಯೇ ಬಂದು ಎತ್ತಿಗೆ ಜ್ವರ ಇದೆ ಅಂದದ್ದು ತಪ್ಪಾಯಿತು. ತಮ್ಮ ನೋಟಿಸಿನ ಪ್ರತಿಯನ್ನು ಕಂಪನಿಯವರು ನಮ್ಮ ಲೈನಿನ ಬೋರ್ಡಿಗೆ ಅಂಟಿಸಿದ್ದಾರೆ. ಉಳಿದ ಐದೂ ಆಪರೇಟರುಗಳು ಓದಿದ್ದಾರೆ. ಇನ್ನು ಮುಂದೆ ಯಾರ ಕೈ ಹೋದರೂ ಅವರ್ಯಾರೂ ತಮಗೆ ನಿಜ ಹೇಳುವುದಿಲ್ಲ.

ಆದ್ದರಿಂದ ನನ್ನ ಮೇಲೆ ಧಾರಾಳವಾಗಿ ಕೇಸು ಹಾಕಿ, ತಪ್ಪು ಮಾಡಿದ್ದೇನೆ. ಆದರೆ ಆ ಆಗಸ್ಟ್ ತಿಂಗಳ ಹಾಳೆಯನ್ನೂ ಅದೇ ಕೇಸಿಗೆ ಸೇರಿಸಿ, ಅದರ ಮೇಲೆ ಸಹಿ ಮಾಡಿದವರೆಲ್ಲರ ಸಮೇತ. ತನಿಖೆಯನ್ನು ಮತ್ತೆ ತೆರೆಯಿರಿ. ಇಡೀ ತನಿಖೆಯಲ್ಲಿ ಮರೆಪ್ಪನೊಬ್ಬನನ್ನು ಬಿಟ್ಟು ಎಲ್ಲರ ಹೇಳಿಕೆ ಪಡೆದಿದ್ದೀರಿ, ಅವನದನ್ನೂ ಪಡೆಯಿರಿ. ಸೋಮವಾರ ಹನ್ನೊಂದು ಗಂಟೆಗೆ ಅವನನ್ನು ಕರೆದುಕೊಂಡು ಬರುತ್ತೇನೆ. ಒಂದು ಮಾತು ಮುಂಚೆಯೇ ಹೇಳಿಬಿಡುತ್ತೇನೆ, ಆಮೇಲೆ ಅದಕ್ಕೂ ನೋಟಿಸು ಬೇಡ. ಅವನು ಐ.ಟಿ.ಐ. ಪಾಸು, ಅವನ ಸಹಿ ಕಂಪನಿಯ ಕಾಗದಗಳಲ್ಲೆಲ್ಲ ಇದೆ. ಈಗ ಎಡಗೈಯಲ್ಲಿ ಬರೆಯುವುದನ್ನು ಕಲಿಯುತ್ತಿದ್ದಾನೆ, ಅದು ಹಳೇ ಸಹಿಯನ್ನು ಹೋಲುವುದಿಲ್ಲ. ಎರಡು ಸಹಿ ಪರಸ್ಪರ ವಿರುದ್ಧವಾಗಿವೆ, ಇವನೂ ಸುಳ್ಳುಗಾರ ಅಂತ ತಾವು ಬರೆದುಬಿಡಬಾರದು. ಅದಕ್ಕೇ ಮೇಜಿನ ಮೇಲೆ ಒಂದು ಇಂಕ್ ಪ್ಯಾಡ್ ಇಡಿಸಿ. ಅವನ ಬಲಗೈ ಹೆಬ್ಬೆಟ್ಟು ಇನ್ನೂ ಇದೆ.

ಇಂತಿ,
ಸುಳ್ಳು ಹೇಳಿ ಬಚಾವಾಗಿದ್ದು, ನಿಜ ಹೇಳಿ ಸಿಕ್ಕಿಬಿದ್ದ
ಜ್ಯೋತಿಲಕ್ಷ್ಮಿ
ಬಾಗಲಗುಂಟೆ