ಅವಳದಕ್ಕಿಂತ ದೊಡ್ಡ ಗರಗಸ

ಜೂನ್ 1, ಭಾನುವಾರ

ಕಾಲುಚೀಲದ ತುಂಬ ಮುಳ್ಳು. ಒಂದೊಂದಾಗಿ ಕಿತ್ತು ಪೇಪರಿನ ಮೇಲೆ ಹಾಕುತ್ತ ಬರೆಯುತ್ತಿದ್ದೇನೆ. ಎಂದಿನಂತೆ ಜ್ಞಾನಭಾರತಿ ಕ್ಯಾಂಪಸ್ಸು. ವಾಕಿಂಗ್ ದಾರಿಗೆ ಅಡ್ಡ ಬಿದ್ದ ಕೊಂಬೆ, ಲಂಟಾನ ಪೊದೆ ತೆಗೆದು ಬಂದೆವು. ಈಗ ನಮ್ಮ ಗುಂಪಿನಲ್ಲಿ ಹನ್ನೆರಡು ಜನ. ಒಂಬತ್ತು ವರ್ಷದ ಹಿಂದೆ ಶುರು ಮಾಡಿದ್ದು ಇಬ್ಬರೇ — ನಾನು, ಭುವನೇಶ್ವರಿ. ಸ್ಕೂಲಿನ ಸ್ಟಾಫ್ ರೂಮಿನಲ್ಲಿ ಇಪ್ಪತ್ತು ವರ್ಷದಿಂದ ಎದುರುಬದುರು ಕುರ್ಚಿ ನಮ್ಮದು. ಅವಳು ಕನ್ನಡ, ನಾನು ಸೈನ್ಸ್.

ಇವತ್ತು ಹೊಸಬಳೊಬ್ಬಳನ್ನು ಕರೆತಂದಳು. ಗುರುದೇವಿ. ಬಸವೇಶ್ವರನಗರದಲ್ಲಿ ಭುವನಾಳ ಮನೆಯ ಕೆಳಗಿನ ಪೋರ್ಷನ್ನಿಗೆ ಬಾಡಿಗೆಗೆ ಬಂದವಳು. ರೋಣದ ಕಡೆಯವಳು. ಹತ್ತಿರದ ಯಾವುದೋ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ. ಮೂವತ್ತೈದು ಇರಬಹುದು.

ಹೊಂಗೆ ಕೊಂಬೆ ಬಿದ್ದಿತ್ತು. ಮಾವನ ಕಾಲದ ಗರಗಸವನ್ನು ನಾನು ಪೇಪರಿನಿಂದ ಬಿಚ್ಚುವಷ್ಟರಲ್ಲಿ ಅವಳು ಬ್ಯಾಗಿನಿಂದ ಏನೋ ತೆಗೆದಳು. ದೊಡ್ಡ ಚಾಕುವಿನಂತೆ ತೆರೆದುಕೊಂಡಿತು. ಮಡಚುವ ಗರಗಸ. ಹತ್ತು ಸಲ ಎಳೆದಿರಬಹುದು, ಅಷ್ಟೇ. ಕೊಂಬೆ ಎರಡು ತುಂಡು.

"ಜಲಜಾ, ನಿನ್ನ ಗರಗಸಕ್ಕೆ ಇನ್ನು ರಿಟೈರ್‌ಮೆಂಟ್ ಕಣೇ!" ಎಂದಳು ಭುವನಾ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಜೂನ್ 3, ಮಂಗಳವಾರ

ಎರಡು ದಿನದಿಂದ ಫೋನಿನಲ್ಲಿ ಗರಗಸ ನೋಡುತ್ತಿದ್ದೇನೆ. ಇಷ್ಟು ಬಗೆ ಇದೆಯೆಂದು ಗೊತ್ತೇ ಇರಲಿಲ್ಲ. ಹಸಿ ಮರಕ್ಕೆ ದೊಡ್ಡ ಹಲ್ಲು, ಒಣಗಿದ್ದಕ್ಕೆ ಸಣ್ಣ ಹಲ್ಲು. ನೇರ ಬ್ಲೇಡು, ಬಾಗಿದ ಬ್ಲೇಡು. ಹಿಡಿಗೆ ರಬ್ಬರ್ ಇದ್ದರೆ ಬೆವರಿಗೆ ಜಾರುವುದಿಲ್ಲ. ಮತ್ತೆ ಲಾಕು — ತೆರೆದ ಬ್ಲೇಡು ಕುಯ್ಯುವಾಗ ಮಡಚಿಕೊಳ್ಳಬಾರದು.

ಕಿಟ್ಟಿ ಟಿವಿ ಬಿಟ್ಟು ಬಂದು ಇಣುಕಿದರು. "ಏನೇ ಇದು, ಸೌದೆ ಡಿಪೋ ಇಡ್ತೀಯಾ?" ನನ್ನ ಗಂಡನಿಗೆ ಎಲ್ಲವೂ ತಮಾಷೆ.

ಗುರುದೇವಿಯದು ಏಳಿಂಚಿನದು. ಭುವನಾಳಿಗೆ ಫೋನ್ ಮಾಡಿ, ಬೇರೆ ಮಾತಿನ ನಡುವೆ ಕೇಳಿದೆ. "ತಾಳು, ಇಲ್ಲೇ ಇದಾಳೆ, ಕೇಳಿ ಹೇಳ್ತೀನಿ" ಅಂದಳು. ರಾತ್ರಿ ಎಂಟು ಗಂಟೆಗೆ ಅಲ್ಲೇ ಇದ್ದಾಳೆ! ಊಟಕ್ಕೆ ಜೋಳದ ರೊಟ್ಟಿಯಂತೆ. ಭುವನಾಳ ಗಂಟಲಲ್ಲಿ ರೊಟ್ಟಿ ಇಳಿಯುವುದಿಲ್ಲ ಎಂದು ಇಪ್ಪತ್ತು ವರ್ಷದಿಂದ ನಂಬಿಕೊಂಡಿದ್ದೆ.

ನನಗೆ ಒಂಬತ್ತಿಂಚಿನದು ಬೇಕು.

ಜೂನ್ 7, ಶನಿವಾರ

ನಾಯಂಡಹಳ್ಳಿ. ಮೆಟ್ರೋ ಇಳಿದು ಗೋಡೌನುಗಳ ಸಾಲಿನಲ್ಲಿ ಅಮೀನಪ್ಪನ ಹಾರ್ಡ್‌ವೇರ್ ಅಂಗಡಿ. ವಯಸ್ಸಾದವರು, ನಿಧಾನಿ.

"ಎಷ್ಟು ದಪ್ಪದ್ದು ಕುಯ್ತೀರಮ್ಮಾ?"

"ಅದಕ್ಕಿಂತ ದೊಡ್ಡದು ಕೊಡಿ."

"ಯಾವ್ದಕ್ಕಿಂತ?"

ಗೋಡೆಗೆ ತೂಗುಹಾಕಿದ ಗರಗಸಗಳ ಕಡೆ ತಿರುಗಿದೆ. ಅವರು ಏಳಿಂಚಿನದನ್ನು ನನ್ನ ಕೈಗಿಟ್ಟರು. ಹಗುರ. ಅಂಗೈಗೆ ಸರಿಯಾಗಿ ಕೂತಿತು. "ನಿಮ್ಮ ಕೈಗೆ ಇದೇ ಸರಿ. ದೊಡ್ಡದು ಮಣಿಕಟ್ಟು ಹಿಡ್ಸತ್ತೆ." ಬೇಡ ಅಂದೆ. ಒಂಬತ್ತಿಂಚಿನದು ಒಂದೇ ಪೀಸ್ ಇತ್ತು, ಡಿಸ್‌ಪ್ಲೇಗೆ ಇಟ್ಟಿದ್ದು. ತೆರೆದು ಮಡಚಿ ತೋರಿಸಿದರು. "ನೋಡಿ, ಎಲ್ರೂ ಆಡ್ಸಿ ಆಡ್ಸಿ ಲಾಕ್ ಸಡಿಲ ಆಗಿದೆ. ಸೋಮವಾರ ಹೊಸ ಪೀಸ್ ಬರತ್ತೆ, ಆಗ ಬನ್ನಿ."

ನಾಳೆ ಭಾನುವಾರ. ಸೋಮವಾರದ ಗರಗಸ ತೆಗೆದುಕೊಂಡು ನಾನೇನು ಮಾಡಲಿ?

"ಇದನ್ನೇ ಕೊಡಿ. ಸೋಮವಾರ ಬದಲಾಯಿಸ್ಕೋತೀನಿ."

"ಹುಷಾರಮ್ಮಾ. ಇದ್ರಲ್ಲಿ ಏನೂ ಕುಯ್ಬೇಡಿ" ಎಂದು ಎರಡು ಸಲ ಹೇಳಿದರು.

ಜೂನ್ 8, ಭಾನುವಾರ, ಮಧ್ಯಾಹ್ನ

ಬರೆದುಬಿಡಬೇಕು. ಇಲ್ಲದಿದ್ದರೆ ಆಮೇಲೆ ಬೇರೆ ಥರ ನೆನಪಾಗುತ್ತದೆ.

ಬೆಳಗ್ಗೆ ಬ್ಯಾಗಿನಿಂದ ತೆಗೆದಾಗ ಭುವನಾ "ಅಯ್ಯಪ್ಪಾ, ಎಷ್ಟು ದೊಡ್ಡದೇ!" ಅಂದಳು. ಒಂದು ನಿಮಿಷ ಸುಖ. ಸಣ್ಣದೊಂದು ಕೊಂಬೆಯ ಮೇಲೆ ಮೆಲ್ಲಗೆ ಆಡಿಸುತ್ತಿದ್ದೆ. ಹಿಂದಿನಿಂದ ಗುರುದೇವಿ — "ಅಕ್ಕಾರ, ದೂಡಬ್ಯಾಡ್ರಿ. ಇದು ಎಳಿಯೂದರಿ. ಹಿಂಗ ನೋಡ್ರಿ." ಹನ್ನೊಂದು ಜನರ ಎದುರು. ನಾನು ಟೀಚರ್.

ಆಮೇಲೆ ಗುಲ್ಮೊಹರಿನ ದಪ್ಪ ಕೊಂಬೆ ಸಿಕ್ಕಿತು. ಅವಳ ಗರಗಸ ಸಾಲದು. "ನಿಮ್ದು ಒಂದೀಟು ಕೊಡ್ರೆಲಾ, ಅಕ್ಕಾರ."

ಕೊಟ್ಟೆ. ಲಾಕ್ ಸಡಿಲ ಇದೆ ಎಂಬ ಮಾತು ನಾಲಿಗೆಯ ತುದಿಗೆ ಬಂತು. ನಿಜವಾಗಿ ಬಂತು. ಆಗಲೇ ಭುವನಾ ಕೊಂಬೆಯ ಆ ತುದಿ ಹಿಡಿದುಕೊಂಡು, ಯಾರಿಗೋ ಹೇಳುತ್ತಿದ್ದಳು: "ಗುರುದೇವಿ ಬಂದ್ಮೇಲೆ ನಂಗೆ ಎಷ್ಟೋ ಧೈರ್ಯ ಕಣ್ರೀ."

ಮಾತು ನುಂಗಿಕೊಂಡೆ. ಒಂದು ಸಲ ಜಾರಲಿ, ಎಲ್ಲರೆದುರು ಅವಳೂ ಪೆಚ್ಚಾಗಲಿ. ಅಷ್ಟೇ ಅಂದುಕೊಂಡದ್ದು.

ಬ್ಲೇಡು ಮರದಲ್ಲಿ ಸಿಕ್ಕಿಕೊಂಡಿತು. ಬಿಡಿಸಲು ಹಿಂದಕ್ಕೆ ಒತ್ತಿದಳು. ಟಕ್ ಎಂದು ಬ್ಲೇಡು ಮಡಚಿಕೊಂಡಿತು. ಅವಳು ಕೂಗಲಿಲ್ಲ. "ಯವ್ವಾ" ಎಂದಳು, ಮೆತ್ತಗೆ.

ಬಲಗೈ. ಎರಡು ಬೆರಳು.

ಜೂನ್ 12, ಗುರುವಾರ

ಒಂಬತ್ತು ಹೊಲಿಗೆ. ತೋರುಬೆರಳಿನ ನರಕ್ಕೆ ಏಟಾಗಿದೆಯೋ ಇಲ್ಲವೋ ಈಗಲೇ ಹೇಳಲಾಗದಂತೆ. ರಕ್ತನಾಳ ಹುಡುಕುವುದು ಆ ಬೆರಳಿನಿಂದಲೇ. ಲ್ಯಾಬಿಗೆ ಬೇರೆಯವರು ಬಂದಿದ್ದಾರೆ.

ಎಲ್ಲರೂ ನನ್ನನ್ನು ಸಮಾಧಾನ ಮಾಡುತ್ತಿದ್ದಾರೆ. "ಹೊಸ ಗರಗಸ, ನಿಂಗೇನು ಗೊತ್ತು ಪಾಪ" ಎಂದು ಭುವನಾ ಎರಡು ಸಂಜೆ ಬಂದು ಕೂತಳು. ನಿನ್ನೆ ಎರಡು ಗಂಟೆ ಇದ್ದಳು. ಎಷ್ಟು ತಿಂಗಳಾಗಿತ್ತು ಹಾಗೆ ಕೂತು! ಹೊರಡುವಾಗ ಇನ್ನೂ ಸ್ವಲ್ಪ ಹೊತ್ತು ಇರಲಿ ಎಂದು ಅತ್ತೆ. ಅದೂ ಸುಳ್ಳಲ್ಲ... ಅತ್ತದ್ದು ನಿಜ.

ಜೂನ್ 15, ಭಾನುವಾರ

ಯಾರೂ ಕ್ಯಾಂಪಸ್ಸಿಗೆ ಹೋಗಲಿಲ್ಲ. ಹಣ್ಣು ತೆಗೆದುಕೊಂಡು ಗುರುದೇವಿಯ ಪೋರ್ಷನ್ನಿಗೆ ಹೋದೆ. ಭುವನಾ ಅವಳ ತಲೆ ಬಾಚುತ್ತಿದ್ದಳು. ಬಾಚಣಿಗೆ ಬಾಯಲ್ಲಿ ಕಚ್ಚಿಕೊಂಡು ಜಡೆ ಹೆಣೆದಳು, ಆಮೇಲೆ ಅನ್ನ ಕಲಸಿ ತುತ್ತು ಕೊಟ್ಟಳು. ಹೊಟ್ಟೆ ಉರಿಯಿತು. ಬ್ಯಾಂಡೇಜು ಕಟ್ಟಿದ ಕೈ ಎದುರಿಗೇ ಇದೆ, ಆದರೂ ಉರಿಯಿತು. ನನ್ನಂಥವಳು ಇರಬಾರದು.

"ನಂದ ತಪ್ಪರಿ ಅಕ್ಕಾರ, ನೋಡಿ ಹಿಡೀಬೇಕಿತ್ತು" ಎಂದಳು ಗುರುದೇವಿ.

ಜೂನ್ 18, ಬುಧವಾರ

ಅರ್ಧ ದಿನ ರಜೆ ಹಾಕಿದೆ. ಭುವನಾ ಸ್ಕೂಲಿನಲ್ಲಿರುವ ಹೊತ್ತು ನೋಡಿ ಗುರುದೇವಿಯ ಹತ್ತಿರ ಹೋದೆ. ಎಲ್ಲ ಹೇಳಿದೆ. ಅಂಗಡಿಯವರು ಹೇಳಿದ್ದು, ನಾನು ನುಂಗಿಕೊಂಡದ್ದು.

ಬ್ಯಾಂಡೇಜಿನ ಕೈಯನ್ನು ಮಡಿಲಿಗೆ ಎಳೆದುಕೊಂಡಳು.

"ಯಾಕ್ರಿ? ನಾ ಏನ್ ಮಾಡಿದ್ನಿ ನಿಮಗ?"

"ನೀನೇನೂ ಮಾಡಿಲ್ಲ. ಭುವನಾ..." ಐವತ್ತೊಂಬತ್ತು ವರ್ಷದ ಹೆಂಗಸು ಹೇಗೆ ಹೇಳಬೇಕು ಅದನ್ನು?

ಅವಳಿಗೆ ಅರ್ಥವಾಯಿತು. ಮುಖ ಕೆಂಪಾಯಿತು. "ಈ ಕೈ ಮ್ಯಾಲೆ ನನ್ನ ಹೊಟ್ಟಿ ಐತ್ರಿ. ಊರಾಗ ಅವ್ವ ಅದಾಳ. ಒಂದ ಮಾತು, ಅಕ್ಕಾರ. ಒಂದ ಮಾತು ಹೇಳಾಕ ಆಗಲಿಲ್ಲಲ್ಲ ನಿಮಗ?" ನಾನು ಎದ್ದೆ. "ಭುವನಕ್ಕಗ ನಾ ಹೇಳಂಗಿಲ್ಲ. ನೀವ ಹೇಳ್ರಿ."

ಜೂನ್ 19, ಗುರುವಾರ

ಹೇಳಿದೆ. ನಮ್ಮನೆಯಲ್ಲೇ, ಕಾಫಿ ಕುಡಿಯುತ್ತಿದ್ದಾಗ. ಭುವನಾ ಬೈಯಲಿಲ್ಲ. ಲೋಟ ಖಾಲಿ ಮಾಡಿದಳು. ಅಡುಗೆಮನೆಗೆ ಹೋಗಿ ಅದನ್ನು ತಾನೇ ತೊಳೆದು ಬೋರಲು ಹಾಕಿದಳು — ಇಷ್ಟು ವರ್ಷದಲ್ಲಿ ಒಂದು ದಿನವೂ ನಮ್ಮನೆಯಲ್ಲಿ ಲೋಟ ತೊಳೆದವಳಲ್ಲ. "ಬರ್ತೀನಿ ಜಲಜಾ" ಎಂದಳು. ಹೋದಳು.

ಜೂನ್ 21, ಶನಿವಾರ

ಸ್ಟಾಫ್ ರೂಮಿನಲ್ಲಿ ಅವಳ ಕುರ್ಚಿ ಕಿಟಕಿ ಕಡೆಗೆ ತಿರುಗಿದೆ.

ಮಧ್ಯಾಹ್ನ ಗುರುದೇವಿಯ ಫೋನು. "ಇವತ್ತು ಹೊಲಿಗಿ ತಗೀತಾರ. ನೀವ ಕರಕೊಂಡ ಹೋಗ್ರಿ." ಕೇಳಿದ್ದಲ್ಲ, ಹೇಳಿದ್ದು.

ಆಟೋ ಹಿಡಿದು ಹೊರಟೆವು. ಸಿಗ್ನಲ್ಲಿನಲ್ಲಿ ನಿಂತಾಗ, ಹೊರಗೆ ನೋಡುತ್ತ ಅಂದಳು: "ಭುವನಕ್ಕ ಎರಡ ದಿನದಿಂದ ಅಳಾಕತ್ತಾರ್ರಿ. ನನ್ನ ಕೈ ಹರದಾಗ ಅತ್ತಿದ್ದಿಲ್ಲ."

ಸಂತೋಷವಾಯಿತು. ದೇವರೇ, ಆ ಕೈಯ ಪಕ್ಕದಲ್ಲಿ ಕೂತು ನನಗೆ ಸಂತೋಷವಾಯಿತು.

ಡಾಕ್ಟರು ಮಡಚಿ ಅಂದರು. ನಡುಬೆರಳು ಮಡಚಿತು. ತೋರುಬೆರಳು ಅರ್ಧಕ್ಕೆ ನಿಂತಿತು. ದಿನಾ ಎರಡು ಹೊತ್ತು, ಹತ್ತು ಹತ್ತು ಸಲ ಮಡಚಿಸಬೇಕಂತೆ. ಬಲವಂತವಾಗಿ, ನೋವಾದರೂ. ಮೂರು ತಿಂಗಳು. ಆಮೇಲೆ ನೋಡೋಣ ಅಂದರು.

"ಭುವನಕ್ಕಗ ನನಗ ನೋವು ಮಾಡಾಕ ಆಗಂಗಿಲ್ಲ" ಎಂದಳು ಗುರುದೇವಿ. "ನೀವ ಬರ್ರಿ."

ಜೂನ್ 24, ಮಂಗಳವಾರ

ಇವತ್ತಿಗೆ ಮೂರನೆಯ ದಿನ. ಅವಳ ಕೈ ನನ್ನ ಮಡಿಲಲ್ಲಿ. ಬೆರಳನ್ನು ಬುಡದಲ್ಲಿ ಹಿಡಿದು ಒತ್ತಬೇಕು. ಒಂದು. ಹಲ್ಲು ಕಚ್ಚಿದಳು. ಎರಡು. ಮೂರಕ್ಕೆ ಕಣ್ಣಲ್ಲಿ ನೀರು. ಬಿಡಲಾ ಅಂದೆ. "ಬಿಡಬ್ಯಾಡ್ರಿ."

ಆಗ ಭುವನಾ ಬಂದು ಬಾಗಿಲಲ್ಲಿ ನಿಂತಳು. ಒಳಗೆ ಬರಲಿಲ್ಲ. ಹೋಗಲೂ ಇಲ್ಲ. ನಾನು ತಲೆಯೆತ್ತಲಿಲ್ಲ.

ನಾಲ್ಕು, ಅಂದೆ. ಐದು...