ಐದು ಎನ್ನಬೇಕಿತ್ತು

ನವೆಂಬರ್ ಹನ್ನೆರಡು, ಸೂರಿನಡಿ ಮೂಲಂಗಿ ಒಣಗುತ್ತಿದೆ

ನನ್ನ ಚಿಗುಸಾ,

ಕಾಗದ ಬಂತು. ಕೋರ್ಟಿನ ಲಕೋಟೆ ಈಗ ನಿನಗೂ ಬಂದಿದೆಯಂತೆ. ಜನಸಾಮಾನ್ಯರಲ್ಲಿ ಚೀಟಿ ಎತ್ತಿ ಆರಿಸಿದ ಆರು ಮಂದಿಯಲ್ಲಿ ಒಬ್ಬಳಾಗಿ, ಮೂವರು ನ್ಯಾಯಾಧೀಶರ ಜೊತೆ ಕೂತು ಶಿಕ್ಷೆ ಗೊತ್ತುಮಾಡಬೇಕಾಗಬಹುದು. "ದೊಡ್ಡಮ್ಮ, ನೀವು ಹೋಗಿ ಬಂದೋರು, ಹೆಂಗಿತ್ತು?" ಎಂದು ಕೇಳಿದ್ದೀಯ. ಚೆನ್ನಾಗಿತ್ತು. ಊಟದ ಡಬ್ಬಿಯಲ್ಲಿ ಉಪ್ಪಿನಕಾಯಿ ಮಾತ್ರ ಸಪ್ಪೆ. ಕೊನೆಗೆ ನೆನಪಿಗೆಂದು ಎದೆಗೆ ಚುಚ್ಚಿಕೊಳ್ಳುವ ಬಿಲ್ಲೆಯೊಂದನ್ನು ಕೊಟ್ಟರು. ಒಳಕೋಣೆಯ ಮಾತನ್ನು ಸಾಯುವತನಕ ಹೇಳಬಾರದು. ಹೇಳಿದರೆ ನನಗೇ ಆರು ತಿಂಗಳು ಜೈಲಾಗಬಹುದು.

ಇಷ್ಟಕ್ಕೇ ಮುಗಿಸೋಣವೆಂದಿದ್ದೆ. ಆಗಲಿಲ್ಲ. ಓದಿ ಸುಟ್ಟುಬಿಡು.

ಅವಳ ಹೆಸರು ಬರೆಯುವುದಿಲ್ಲ. ಹಾಸಿಗೆ ಹಿಡಿದ ತಾಯಿಯನ್ನು ಹನ್ನೊಂದು ವರ್ಷ ಒಬ್ಬಳೇ ನೋಡಿಕೊಂಡು, ಒಂದು ಬೆಳಿಗ್ಗೆ ಮುಖಕ್ಕೆ ದಿಂಬು ಒತ್ತಿ, ತಾನೇ ಪೊಲೀಸರಿಗೆ ಫೋನ್ ಮಾಡಿದವಳು. ಸರ್ಕಾರಿ ವಕೀಲರು ಎಂಟು ವರ್ಷ ಕೇಳಿದರು.

ಕೋಣೆಯಲ್ಲಿ ನನ್ನ ಪಕ್ಕ ಟೈರ್ ಅಂಗಡಿಯವನೊಬ್ಬ. "ಶಿಕ್ಷೆ ನೋಡಿ ಊರಿಗೆ ಬುದ್ಧಿ ಬರ್ಬೇಕಲ್ವಾ ಅಜ್ಜಿ?" ಎಂದ. "ಊರಿಗೆ ಬುದ್ಧಿ ಹನ್ನೊಂದು ವರ್ಷದ ಹಿಂದೆ ಬರ್ಬೇಕಿತ್ತಪ್ಪ. ಒಬ್ಬರಾದ್ರೂ ಅವಳ ಬಾಗ್ಲು ತಟ್ಟಿದ್ರಾ?" ಎಂದೆ. ಹಾಗೆ ಕೇಳಿದ್ದಕ್ಕೆ ನನಗೆ ಸ್ವಲ್ಪ ಜಂಭವೇ ಬಂತು. ಅವಳಲ್ಲಿ ತಿದ್ದುವುದಕ್ಕೆ ಏನಿತ್ತು? ಹಾಗೆಂದು ಒಂದು ಜೀವ ಹೋದದ್ದೂ ಸುಳ್ಳಲ್ಲ. ಐದು ಸಾಕು ಎಂದಿತು ಮನಸ್ಸು.

ಬಾಯಿ ಆರು ಎಂದಿತು.

ಸರ್ಕಾರಿ ವಕೀಲರು ಕೇಳಿದ್ದರಲ್ಲಿ ಹತ್ತಕ್ಕೆ ಎರಡು ಪಾಲು ಇಳಿಸುವುದು ನ್ಯಾಯಾಧೀಶರ ರೂಢಿ ಎಂದು ನಲವತ್ತು ವರ್ಷದಿಂದ ಪತ್ರಿಕೆಯಲ್ಲಿ ಓದಿಕೊಂಡು ಬಂದವಳು ನಾನು. ನಮ್ಮ ಅಂಕಿಯನ್ನೂ ಹಾಗೇ ಇಳಿಸುತ್ತಾರೆ, ಆರೆಂದರೆ ಐದರ ಹತ್ತಿರ ನಿಲ್ಲುತ್ತದೆ ಎಂದುಕೊಂಡೆ. ಕೇಳಬಹುದಿತ್ತು. ಓದಿದವರ ಮುಂದೆ ಪೆದ್ದಿಯಾಗಲು ನಾಚಿಕೆಯಾಯಿತು.

ಯಾರೂ ಇಳಿಸಲಿಲ್ಲ. ಎಣಿಸುವ ನಿಯಮವೇ ಬೇರೆ. ಎಲ್ಲಕ್ಕಿಂತ ದೊಡ್ಡ ಅಂಕಿಯಿಂದ ಶುರುಮಾಡಿ ಕೆಳಗಿಳಿಯುತ್ತ, ಒಂಬತ್ತರಲ್ಲಿ ಐದು ತಲೆ ಕೂಡಿದಲ್ಲಿ ನಿಲ್ಲಿಸುತ್ತಾರೆ. ನಾಲ್ವರು ಏಳು ಎಂದಿದ್ದರು. ಐದನೆಯ ತಲೆ ನನ್ನದು, ಶಿಕ್ಷೆ ನನ್ನ ಆರಕ್ಕೇ ನಿಂತಿತು. ಉಳಿದವರು ನಾಲ್ಕು, ಮೂರು ಎಂದದ್ದು ಎಣಿಕೆಗೇ ಬರಲಿಲ್ಲ. ನಾನು ಐದೆಂದಿದ್ದರೆ ಐದೇ ಆಗುತ್ತಿತ್ತು.

ಹಿರಿಯ ನ್ಯಾಯಾಧೀಶರು "ಯಾರಿಗಾದ್ರೂ ಏನಾದ್ರೂ ಹೇಳೋದಿದ್ಯಾ?" ಎಂದು ಸುತ್ತ ನೋಡಿದರು. ನನ್ನ ಅಂಕಿ ಬದಲಿಸಲು ಅಷ್ಟು ಹೊತ್ತು ಇತ್ತು ನನಗೆ. ಚಹಾದ ಲೋಟ ನೋಡುತ್ತ ಕೂತೆ. ಮರುದಿನ ತೀರ್ಪು ಓದಿದಾಗ ಅವಳು ನಮ್ಮ ಒಂಬತ್ತು ಜನಕ್ಕೂ ಸೊಂಟ ಬಗ್ಗಿಸಿ ನಮಸ್ಕರಿಸಿದಳು.

ಮೇಲ್ಮನವಿಗೆ ಹದಿನಾಲ್ಕು ದಿನ. ನಾಳೆ ಕೊನೆ. ಅವಳ ವಕೀಲರ ಕಚೇರಿ ನಮ್ಮ ಉಪ್ಪಿನಕಾಯಿ ಅಂಗಡಿಯಿಂದ ಎರಡೇ ನಿಲ್ದಾಣ. ಮೂರು ಸಲ ಬಸ್ ಹತ್ತಿದೆ, ಮೂರು ಸಲವೂ ಮೊದಲ ನಿಲ್ದಾಣದಲ್ಲೇ ಇಳಿದು ನಡೆದುಬಂದೆ. ಹೇಳಿದರೆ ಕಾನೂನಿಗೆ ತಪ್ಪು, ಹೇಳದಿದ್ದರೆ ಅವಳಿಗೆ ತಪ್ಪು. ಅವಳೇ ಮೇಲ್ಮನವಿ ಹಾಕಲಪ್ಪಾ ಎಂದು ನಿನ್ನ ದೊಡ್ಡಪ್ಪನ ಪಟದ ಮುಂದೆ ಊದುಬತ್ತಿ ಹಚ್ಚುತ್ತಿದ್ದೇನೆ.

ನೀನು ಹೋಗು ಮಗಳೇ. ಅಂಕಿ ಹೇಳುವ ಮುಂಚೆ, ಹೇಗೆ ಎಣಿಸುತ್ತೀರಿ ಎಂದು ಕೇಳು. ನಕ್ಕರೆ ನಗಲಿ.

ನಿನ್ನ ದೊಡ್ಡಮ್ಮ,
ಶಿಗೆನೊ

ಮತ್ತೆ: ಲಕೋಟೆ ಅಂಟಿಸದೆ ಎರಡು ದಿನ ಇಟ್ಟುಕೊಂಡಿದ್ದೆ. ಇಂದಿನ ಪತ್ರಿಕೆಯಲ್ಲಿ ನಾಲ್ಕು ಸಾಲು ಬಂದಿದೆ. ಅವಳು ಮೇಲ್ಮನವಿ ಹಾಕಲಿಲ್ಲ. "ಒಂಬತ್ತು ಜನ ಕೂತು ಅಳೆದು ತೂಗಿ ಕೊಟ್ಟಿದ್ದು, ಅದು ಸರಿಯಾಗೇ ಇರುತ್ತೆ" ಎಂದಳಂತೆ. ಮೇಲೆ ಸುಟ್ಟುಬಿಡು ಎಂದು ಬರೆದಿದ್ದೇನೆ. ಸುಡಬೇಡ.