ಕಣ್ಣು ಮುಚ್ಚಿದವರ ಫೋಟೋ

ಮಾರ್ಚ್ ೧೨, ಬುಧವಾರ

ಹೊಸ ಕ್ಯಾಮೆರಾ ಇವತ್ತು ನನ್ನ ಮಾನ ಹರಾಜು ಹಾಕಿತು. ಮಣ್ಣೂರದ ಗುರುಪಾದಪ್ಪ ತೀರಿಕೊಂಡಿದ್ದರು. ರೂಢಿಯಂತೆ ಅವರನ್ನು ಕೂರಿಸಿ, ವಿಭೂತಿ ಹಚ್ಚಿ, ಮನೆಯವರೆಲ್ಲ ಸುತ್ತ ನಿಂತರು. ಕೊನೆಯ ಫೋಟೋ ತೆಗೆದೆ. ಕ್ಯಾಮೆರಾ ಟಿಣ್ ಎಂದು ಸ್ಕ್ರೀನಿನ ಮೇಲೆ ಬರೆಯಿತು: ‘ಯಾರೋ ಕಣ್ಣು ಮುಚ್ಚಿದ್ದಾರೆ. ಮತ್ತೆ ತೆಗೆಯಿರಿ.’

ಆ ಸೂಚನೆಯನ್ನು ಬಂದ್ ಮಾಡಲು ಮೆನುಗಳನ್ನೆಲ್ಲ ತಡಕಾಡಿದೆ, ದಾರಿ ಸಿಗಲಿಲ್ಲ. ಹಳೆಯ ಕ್ಯಾಮೆರಾ ಗುಂಡಿ ಒತ್ತಿದರೆ ಫೋಟೋ ಕೊಡುತ್ತಿತ್ತು, ಬುದ್ಧಿ ಹೇಳುತ್ತಿರಲಿಲ್ಲ. ಇದು ನಗು ಹುಡುಕುತ್ತದಂತೆ, ಮುಖ ಬೆಳ್ಳಗೆ ಮಾಡುತ್ತದಂತೆ! ಇದನ್ನು ಮಾಡಿದವರು ಹೆಣದ ಮುಂದೆ ಎಂದೂ ನಿಂತಿಲ್ಲ.

ಫೋಟೋ ನೋಡಲು ಬಂದ ಗುರುಪಾದಪ್ಪನವರ ಮಗಳು ಸುವರ್ಣಾ ಸ್ಕ್ರೀನಿನ ಮೇಲಿದ್ದುದನ್ನು ಓದಿಬಿಟ್ಟಳು.

“ಇನ್ನೊಂದ್ ಸಲ ತೆಗೀರಿ ಅಣ್ಣಾರ,” ಎಂದಳು. “ಅಪ್ಪ ಕಣ್ಣ ತೆರೀತಾನೇನೋ ನೋಡೂನು.”

ತೆಗೆದೆ. ಮತ್ತೆ ಟಿಣ್ ಎಂದಿತು.